ಷರಾ ಕಾಲಮ್ಮನ್ನು ಖಾಲಿ ಬಿಡಬೇಡಿ

ತಾಲ್ಲೂಕು, ಜಿಲ್ಲೆ ಮತ್ತು ರಾಜ್ಯ ಮಟ್ಟದ ಕ್ರೀಡಾ ತಂಡಗಳ ಆಯ್ಕೆ ಸಮಿತಿಗಳಲ್ಲಿ ಕೂರುವ ಎಲ್ಲರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ನಿವೃತ್ತ ದೈಹಿಕ ಶಿಕ್ಷಕ. ಮೂವತ್ತೊಂದು ವರ್ಷ ಧಾರವಾಡ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಸೀಟಿ ಊದಿದ್ದೇನೆ, ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದ್ದೇನೆ, ಮಕ್ಕಳನ್ನು ಕೆಂಪು ಬಸ್ಸಿನಲ್ಲಿ ತುಂಬಿಕೊಂಡು ಊರೂರು ಸುತ್ತಿದ್ದೇನೆ. ಕ್ರೀಡಾಕೂಟಗಳ ಶಾಮಿಯಾನದ ಕೆಳಗೆ ನಿಮ್ಮಲ್ಲಿ ಕೆಲವರ ಜೊತೆ ಗಿರ್ಮಿಟ್ ತಿಂದದ್ದೂ ಉಂಟು. ಎರಡು ಸಲ ನಾನೇ ಆಯ್ಕೆ ಸಮಿತಿಯಲ್ಲಿದ್ದೆ. ಹಾಗಾಗಿ ಇದನ್ನು ಹೊರಗಿನವನ ಗೊಣಗಾಟ ಎಂದು ಬದಿಗಿಡಬೇಡಿ.

ನಾನು ಹೇಳಬೇಕೆಂದಿರುವುದು ಇಂಗ್ಲೆಂಡಿನ ಒಬ್ಬ ರಗ್ಬಿ ಆಟಗಾರನ ಕಥೆ. ಅವನು ಸತ್ತು ಎಪ್ಪತ್ತು ವರ್ಷ ದಾಟಿತು. ನಮ್ಮ ಕಡೆ ರಗ್ಬಿ ಚೆಂಡನ್ನು ಕಣ್ಣಾರೆ ಕಂಡವರೇ ಕಡಿಮೆ, ಆ ಕಥೆ ನಮಗೇಕೆ ಎಂದು ನೀವು ಕೇಳಬಹುದು. ಅದಕ್ಕೆ ಮೊದಲು ಒಂದು ಸಣ್ಣ ಸಂಗತಿ ಹೇಳಿಬಿಡುತ್ತೇನೆ.

ನನ್ನ ಶಾಲೆಯಲ್ಲಿ ಒಬ್ಬ ಖೊಖೊ ಹುಡುಗನಿದ್ದ. ಅಟ್ಟಿಸಿಕೊಂಡು ಹೋದರೆ ಕಂಬದ ಬಳಿ ಮೈಯನ್ನು ನೆಲಕ್ಕೆ ಸಮನಾಗಿ ಚಾಚಿ, ಓಡುವವನ ಹಿಮ್ಮಡಿಯನ್ನು ಬೆರಳ ತುದಿಯಲ್ಲಿ ಮುಟ್ಟುತ್ತಿದ್ದ. ಆಯ್ಕೆ ಪಂದ್ಯದಲ್ಲಿ ಅವನನ್ನು ಮೀರಿಸಿದವರು ಯಾರೂ ಇರಲಿಲ್ಲ. ಸಂಜೆ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಹನ್ನೆರಡು ಹೆಸರಿದ್ದವು, ಅವನದಿರಲಿಲ್ಲ. ಒಳಗೆ ಹೋಗಿ ಕೇಳಿದೆ. 'ಈ ಸಲ ಆಗಲಿಲ್ಲ ಬಿಡಿ ಸರ್' ಎಂದರು. ಯಾಕೆ ಆಗಲಿಲ್ಲ? ಉತ್ತರವಾಗಿ ಒಂದು ನಗು, ಒಂದು ಕಪ್ ಚಹಾ. ಹೊರಗೆ ಬಂದಾಗ ಹುಡುಗ ಎದೆಯ ಮೇಲಿನ ನಂಬರಿನ ಬಟ್ಟೆಯನ್ನು ಬಿಚ್ಚಿ ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡಿದ್ದ. 'ಬಸ್ ಚಾರ್ಜು ವಾಪಸು ಕೊಡಬೇಕೇನ್ರೀ ಸರ್?' ಎಂದು ಕೇಳಿದ. ಅವನು ಕೇಳಿದ್ದು ಅಷ್ಟೇ.

ಈಗ ಜೇಮ್ಸ್ ಪೀಟರ್ಸ್ ಕಥೆಗೆ ಬರುತ್ತೇನೆ. ಅವನನ್ನು ನನ್ನ ಶಾಲೆಯ ಹುಡುಗನ ಹಾಗೆ ಏಕವಚನದಲ್ಲಿಯೇ ಕರೆಯುತ್ತೇನೆ, ಅಗೌರವವೆಂದು ತಿಳಿಯಬೇಡಿ.

ಪೀಟರ್ಸ್ ಹುಟ್ಟಿದ್ದು 1879ರಲ್ಲಿ, ಮ್ಯಾಂಚೆಸ್ಟರಿಗೆ ಅಂಟಿಕೊಂಡಿರುವ ಸ್ಯಾಲ್ಫರ್ಡ್‌ನಲ್ಲಿ. ಅಪ್ಪ ವೆಸ್ಟ್ ಇಂಡೀಸ್ ಮೂಲದ ಕರಿಯ, ಸರ್ಕಸ್ಸಿನಲ್ಲಿ ಸಿಂಹಗಳನ್ನು ಪಳಗಿಸುವವನು. ಅಮ್ಮ ಶ್ರಾಪ್‌ಷೈರಿನ ಬಿಳಿಯ ಹೆಂಗಸು. ಮಗ ಚಿಕ್ಕವನಿರುವಾಗಲೇ ಅಪ್ಪ ಸಿಂಹದ ಬೋನಿನಲ್ಲಿ ಸತ್ತ. ಸಾಕಲಾರದ ತಾಯಿ ಹುಡುಗನನ್ನು ಇನ್ನೊಂದು ಸರ್ಕಸ್ಸಿಗೆ ಒಪ್ಪಿಸಿದಳು. ಅಲ್ಲಿ ಅವನ ಕೆಲಸ ಜೀನು ಇಲ್ಲದ ಬರಿ ಬೆನ್ನಿನ ಕುದುರೆಯ ಮೇಲೆ ನಿಂತು ಸವಾರಿ ಮಾಡುವುದು. ಹನ್ನೊಂದರ ವಯಸ್ಸಿನಲ್ಲಿ ತೋಳು ಮುರಿಯಿತು. ತೋಳು ಮುರಿದ ಹುಡುಗ ಸರ್ಕಸ್ಸಿಗೆ ಹೊರೆ, ಬಿಟ್ಟು ಹೋದರು.

ಲಂಡನ್ನಿನ ಸದರ್ಕ್‌ನಲ್ಲಿದ್ದ ಫೆಗನ್ ಅನಾಥಾಲಯ ಅವನನ್ನು ಸೇರಿಸಿಕೊಂಡಿತು. ಆಮೇಲೆ ಗ್ರಿನಿಚ್‌ನ ಇನ್ನೊಂದು ಮಕ್ಕಳ ಮನೆ. ಮುದ್ರಣ ಮತ್ತು ಬಡಗಿ ಕೆಲಸ ಕಲಿತದ್ದು ಅಲ್ಲಿ. ಆಟ ಕಲಿತದ್ದೂ ಅಲ್ಲಿಯೇ. ಆ ಮಕ್ಕಳ ಮನೆಯ ಕ್ರೀಡಾಕೂಟದಲ್ಲಿ ಅವನು ಗೆದ್ದ ಸ್ಪರ್ಧೆಗಳ ಪಟ್ಟಿಯನ್ನು ಓದಿದಾಗ ನಾನು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದು ಕುಳಿತೆ. ನೂರು ಗಜದ ಓಟ, ಒಂದು ಮೈಲಿ ಓಟ, ನಡಿಗೆ, ಉದ್ದ ಜಿಗಿತ, ಎತ್ತರ ಜಿಗಿತ. ನೀವೂ ಮೈದಾನದವರು, ಇದರ ಅರ್ಥ ನಿಮಗೆ ಗೊತ್ತು. ನೂರು ಗಜ ಗೆಲ್ಲುವ ಕಾಲು ಬೇರೆ, ಮೈಲಿ ಗೆಲ್ಲುವ ಎದೆ ಬೇರೆ. ಎರಡೂ ಒಂದೇ ಹುಡುಗನಲ್ಲಿ ಸಿಗುವುದನ್ನು ಮೂವತ್ತೊಂದು ವರ್ಷಗಳಲ್ಲಿ ನಾನು ನೋಡಿದ್ದು ಒಂದೇ ಸಲ, ಅದೂ ಏಳನೇ ತರಗತಿಯವರೆಗೆ ಮಾತ್ರ.

1898ರಲ್ಲಿ ಕೆಲಸ ಹುಡುಕಿಕೊಂಡು ಬ್ರಿಸ್ಟಲ್‌ಗೆ ಹೋದ. ಸಣ್ಣ ಕ್ಲಬ್ಬುಗಳಲ್ಲಿ ಆಡಿ, ಕೊನೆಗೆ ಬ್ರಿಸ್ಟಲ್ ನಗರದ ದೊಡ್ಡ ತಂಡಕ್ಕೆ ಬಂದ. ತಕ್ಷಣ ಸಮಿತಿಯ ಒಬ್ಬ ಸದಸ್ಯ ರಾಜೀನಾಮೆ ಬಿಸಾಡಿ ಹೊರನಡೆದನಂತೆ. ಬಿಳಿಯನಿಗೆ ಸಿಗಬೇಕಿದ್ದ ಜಾಗವನ್ನು ಇವನು ತಿನ್ನುತ್ತಿದ್ದಾನೆ ಎಂಬ ಧಾಟಿಯಲ್ಲಿ ಪತ್ರಿಕೆಯೂ ಬರೆಯಿತು. ವಿಚಿತ್ರವೆಂದರೆ ಆ ಸದಸ್ಯನ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ಅವನು ಎದ್ದು ನಿಂತು ತನ್ನ ಮನಸ್ಸಿನಲ್ಲಿದ್ದುದನ್ನು ತೋರಿಸಿದ. ಅವನ ಜೊತೆ ವಾದ ಮಾಡಬಹುದು, ಅವನನ್ನು ಸೋಲಿಸಲೂಬಹುದು. ಅವನು ಹೋದ ಮೇಲೂ ಪೀಟರ್ಸ್ ಆಡಿದ.

1902ರಲ್ಲಿ ಪ್ಲಿಮತ್‌ಗೆ ಹೋದ. ಅಲ್ಲಿ ಹಡಗುಕಟ್ಟೆಯಲ್ಲಿ ಬಡಗಿ ಕೆಲಸ, ಶನಿವಾರ ಆಟ. ರಗ್ಬಿಯಲ್ಲಿ ಎರಡೂ ಕಡೆಯ ದಾಂಡಿಗರು ತಲೆಗೆ ತಲೆ ಕೊಟ್ಟು, ಹೆಗಲಿಗೆ ಹೆಗಲು ಹೆಣೆದು ತಳ್ಳಾಡುವುದಕ್ಕೆ ಸ್ಕ್ರಮ್ ಎನ್ನುತ್ತಾರೆ. ಆ ಕಾಲುಗಳ ಕಾಡಿನಿಂದ ಹಿಂದಕ್ಕೆ ಜಾರಿ ಬರುವ ಚೆಂಡನ್ನು ಒಬ್ಬ ಹೆಕ್ಕಿ ಎಸೆಯುತ್ತಾನೆ. ಅದನ್ನು ಹಿಡಿದು, ಓಡಬೇಕೋ ಒದೆಯಬೇಕೋ ಪಕ್ಕದವನಿಗೆ ದಾಟಿಸಬೇಕೋ ಎಂದು ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನಿಸುವವನು ಫ್ಲೈ ಹಾಫ್. ತಂಡದ ಬುದ್ಧಿ ಅವನ ಕೈಯಲ್ಲಿರುತ್ತದೆ. ಪೀಟರ್ಸ್ ಆ ಜಾಗದ ಆಟಗಾರ. ಚೆಂಡು ಹೆಕ್ಕಿ ಕೊಡುತ್ತಿದ್ದವನು ರಾಫೆಲ್ ಜಾಗೊ. ಈ ಜೋಡಿಯ ಬಲದಿಂದ ಡೆವನ್ ಕೌಂಟಿ 1906ರಲ್ಲಿ ಇಂಗ್ಲೆಂಡಿನ ಕೌಂಟಿ ಚಾಂಪಿಯನ್ ಆಯಿತು. ಇನ್ನು ಕಣ್ಣು ಮುಚ್ಚಿಕೊಳ್ಳಲು ಆಗಲಿಲ್ಲ. 1906ರ ಮಾರ್ಚ್ 17ರಂದು ಎಡಿನ್‌ಬರೊದ ಇನ್ವರ್ಲೀತ್ ಮೈದಾನದಲ್ಲಿ ಸ್ಕಾಟ್ಲೆಂಡ್ ವಿರುದ್ಧ ಪೀಟರ್ಸ್ ಇಂಗ್ಲೆಂಡಿನ ಬಿಳಿ ಅಂಗಿ ತೊಟ್ಟ. ಇಂಗ್ಲೆಂಡ್ ಪರ ರಗ್ಬಿ ಯೂನಿಯನ್ (ರಗ್ಬಿಯ ಎರಡು ಕವಲುಗಳಲ್ಲಿ ಹಳೆಯದು) ಆಡಿದ ಮೊದಲ ಕಪ್ಪು ಆಟಗಾರ. ಇಂಗ್ಲೆಂಡ್ 9-3ರಿಂದ ಗೆದ್ದಿತು.

ಆ ಪಂದ್ಯದಲ್ಲಿ ಗೆದ್ದವರಿಗೆ ಕೊಡುವ ಬಟ್ಟಲಿಗೆ ಕಲ್ಕತ್ತಾ ಕಪ್ ಎಂದು ಹೆಸರು. ಕಲ್ಕತ್ತೆಯಲ್ಲಿದ್ದ ಬ್ರಿಟಿಷರ ರಗ್ಬಿ ಕ್ಲಬ್ಬು ಮುಚ್ಚಿದಾಗ, ಅದರ ಸದಸ್ಯರು ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಲ್ಲಿಯೇ ತೆಗೆದು, ಕರಗಿಸಿ ಮಾಡಿಸಿದ್ದು ಅದು. ಹಿಡಿಕೆಗಳು ಹೆಡೆ ಎತ್ತಿದ ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆ ಬಟ್ಟಲಿಗಾಗಿ ಮೊದಲ ಸಲ ಸೆಣಸಿದ್ದು 1879ರಲ್ಲಿ, ಅಂದರೆ ಪೀಟರ್ಸ್ ಹುಟ್ಟಿದ ವರ್ಷ. ನಮ್ಮ ನಾಡಿನಲ್ಲಿ ಕೈಯಿಂದ ಕೈಗೆ ಸವೆದ ಬೆಳ್ಳಿಗೆ ಇಂಗ್ಲೆಂಡಿನ ಮೈದಾನದಲ್ಲಿ ಸಿಕ್ಕ ಮರ್ಯಾದೆ, ಸ್ಯಾಲ್ಫರ್ಡ್‌ನಲ್ಲಿ ಹುಟ್ಟಿದವನಿಗೆ ಸಿಗುವುದು ಕಷ್ಟವಾಯಿತು ನೋಡಿ. ಅವನ ಆಯ್ಕೆಯನ್ನು ಅವನ ಬಣ್ಣದ ಕಾರಣಕ್ಕೆ ಎಲ್ಲರೂ ಮೆಚ್ಚಿಲ್ಲ ಎಂದು ಪತ್ರಿಕೆಯೊಂದು ಅಚ್ಚು ಹಾಕಿತು. ಇನ್ನೊಂದು ಪತ್ರಿಕೆ ಅವನ ಪಾಸುಗಳನ್ನು ಹೊಗಳಿತು, ಆದರೆ ಬಣ್ಣವನ್ನು ನೆನಪಿಸದೆ ಹೊಗಳಲು ಅದಕ್ಕೂ ಬರಲಿಲ್ಲ.

ಐದು ದಿನ ಬಿಟ್ಟು, ಮಾರ್ಚ್ 22ರಂದು ಪ್ಯಾರಿಸ್. ಫ್ರಾನ್ಸ್ ವಿರುದ್ಧ ಇಂಗ್ಲೆಂಡಿನ ಮೊತ್ತಮೊದಲ ಪಂದ್ಯ. ಇಂಗ್ಲೆಂಡಿಗೆ 35, ಫ್ರಾನ್ಸಿಗೆ 8. ಪೀಟರ್ಸ್ ಆಡಿದ. ಎರಡು ಪಂದ್ಯ, ಎರಡು ಗೆಲುವು.

ಈಗ ನಿಮ್ಮನ್ನು ಆ ವರ್ಷದ ಕೊನೆಗೆ ಕರೆದುಕೊಂಡು ಹೋಗಬೇಕು. ದಕ್ಷಿಣ ಆಫ್ರಿಕಾ ತಂಡ ಪಾಲ್ ರೂಸ್ ನಾಯಕತ್ವದಲ್ಲಿ ಮೊದಲ ಬಾರಿಗೆ ಬ್ರಿಟನ್ ಪ್ರವಾಸಕ್ಕೆ ಬಂತು. ತಮ್ಮನ್ನು ಸ್ಪ್ರಿಂಗ್‌ಬಾಕ್ ಎಂದು (ಅಲ್ಲಿನ ಒಂದು ಜಿಂಕೆಯ ಹೆಸರು) ಕರೆದುಕೊಂಡದ್ದು ಆ ಪ್ರವಾಸದಲ್ಲಿ. ಅಕ್ಟೋಬರಿನಲ್ಲಿ ಪ್ಲಿಮತ್‌ನಲ್ಲಿ ಡೆವನ್ ವಿರುದ್ಧ ಪಂದ್ಯ. ಅಂಗಳಕ್ಕೆ ಇಳಿಯುವ ಮೊದಲು ಎದುರು ತಂಡದಲ್ಲಿ ಪೀಟರ್ಸ್‌ನನ್ನು ಕಂಡ ಪ್ರವಾಸಿಗಳು ನಾವು ಆಡುವುದಿಲ್ಲ ಎಂದು ಒಳಗೇ ಕುಳಿತರಂತೆ. ಹೊರಗೆ ಸಾವಿರಾರು ಜನ ಕಾದು ಕಾದು ಗದ್ದಲ ಎಬ್ಬಿಸಿದರಂತೆ, ದಕ್ಷಿಣ ಆಫ್ರಿಕಾದ ಹೈಕಮಿಷನರ್ ಬಂದು ಒಪ್ಪಿಸಬೇಕಾಯಿತಂತೆ. ಈ ಕಥೆ ಬಾಯಿಂದ ಬಾಯಿಗೆ ಬಂದಿದೆ, ಹಾಗಾಗಿ 'ಅಂತೆ' ಸೇರಿಸಿಯೇ ಬರೆದಿದ್ದೇನೆ. ಪಂದ್ಯ ನಡೆಯಿತು, ಪೀಟರ್ಸ್ ಆಡಿದ, ಡೆವನ್ ಸೋತಿತು. ಇದಕ್ಕೆ 'ಅಂತೆ' ಬೇಡ.

ಡಿಸೆಂಬರ್ 8. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮೈದಾನ. ಇಂಗ್ಲೆಂಡ್ ಮತ್ತು ದಕ್ಷಿಣ ಆಫ್ರಿಕಾ. ಇಂಗ್ಲೆಂಡಿನ ಪಟ್ಟಿಯಲ್ಲಿ ಹದಿನೈದು ಹೆಸರು. ಪೀಟರ್ಸ್ ಹೆಸರಿಲ್ಲ.

ಗಾಯವೇ? ಆಟ ಹದಗೆಟ್ಟಿತ್ತೇ? ಮುಂದಿನ ವರ್ಷ ಐರ್ಲೆಂಡ್ ವಿರುದ್ಧ, ಮತ್ತೆ ಸ್ಕಾಟ್ಲೆಂಡ್ ವಿರುದ್ಧ ಅದೇ ಪೀಟರ್ಸ್‌ನನ್ನು ಆರಿಸಿದರು. ಅವನ ಕಾಲು, ಕೈ, ಬುದ್ಧಿ ಎಲ್ಲವೂ ಸರಿಯಾಗಿಯೇ ಇದ್ದವು. ದಕ್ಷಿಣ ಆಫ್ರಿಕಾದವರು ಎದುರಿಗಿದ್ದ ಆ ಮಧ್ಯಾಹ್ನಕ್ಕೆ ಅವನು ಬೇಡವಾದ. ಆ ದಿನ ಇಂಗ್ಲೆಂಡ್ ಪರ ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರಿ ಪಡೆಯುವ ಅಂಕ) ಗಳಿಸಿದವನು ಫ್ರೆಡ್ಡಿ ಬ್ರೂಕ್ಸ್. ಅವನು ಬಂದದ್ದು ದಕ್ಷಿಣ ಆಫ್ರಿಕಾದ ಪಕ್ಕದ ರೊಡೇಷ್ಯಾದಿಂದ. ಅವನು ಇಂಗ್ಲೆಂಡ್ ಪರ ಆಡಿದ್ದು ಅದೊಂದೇ ಪಂದ್ಯ. ರೊಡೇಷ್ಯಾದವನಿಗೆ ಜಾಗವಿತ್ತು, ಸ್ಯಾಲ್ಫರ್ಡ್‌ನವನಿಗೆ ಇರಲಿಲ್ಲ. ಪಂದ್ಯ 3-3ರಲ್ಲಿ ಸಮವಾಯಿತು. ಆಯ್ಕೆಗಾರರು ಆ ರಾತ್ರಿ ಚೆನ್ನಾಗಿ ಊಟ ಮಾಡಿರಬೇಕು.

ಸ್ವಾಮಿ, ನನ್ನನ್ನು ಕಾಡುವುದು ಈ ಪಟ್ಟಿಯೇ. ಬ್ರಿಸ್ಟಲ್‌ನಲ್ಲಿ ರಾಜೀನಾಮೆ ಕೊಟ್ಟವನು ಶಬ್ದ ಮಾಡಿದ. ಪ್ಲಿಮತ್‌ನಲ್ಲಿ ಆಡುವುದಿಲ್ಲ ಎಂದವರೂ ಶಬ್ದ ಮಾಡಿದರು. ಆ ಎರಡು ಕಡೆಯೂ ಪೀಟರ್ಸ್ ಕೊನೆಗೆ ಆಡಿದ. ಅವನನ್ನು ಆಡದಂತೆ ಮಾಡಿದ್ದು ಯಾವ ಶಬ್ದವೂ ಇಲ್ಲದ ಒಂದು ಕಾಗದ. ಅವನ ವಿರುದ್ಧ ಆ ಕಾಗದದಲ್ಲಿ ಒಂದು ಅಕ್ಷರವಿಲ್ಲ. ಹೆಸರು ಬರೆಯದೆ ಇರುವುದಕ್ಕೆ ಶಾಯಿ ಬೇಕಾಗುವುದಿಲ್ಲ.

ಇದನ್ನು ಬರೆಯುವಾಗ ನನ್ನ ಊರಿನವನೇ ಒಬ್ಬ ನೆನಪಾಗುತ್ತಾನೆ. ಪಲ್ವಂಕರ್ ಬಾಲೂ, ಧಾರವಾಡದಲ್ಲಿ 1876ರಲ್ಲಿ ಹುಟ್ಟಿದವನು, ಪೀಟರ್ಸ್‌ಗಿಂತ ಮೂರು ವರ್ಷ ದೊಡ್ಡವನು. ಚಮ್ಮಾರರ ಮನೆಯ ಮಗ. ಪುಣೆಯ ಗೋರಾಗಳ ಕ್ಲಬ್ಬಿನಲ್ಲಿ ಪಿಚ್ ಉರುಳಿಸುತ್ತ, ಸಾಹೇಬರಿಗೆ ಗಂಟೆಗಟ್ಟಲೆ ಬೌಲಿಂಗ್ ಮಾಡುತ್ತ ಎಡಗೈ ಸ್ಪಿನ್ ಕಲಿತ. ಆಗ ಕ್ರಿಕೆಟ್ ತಂಡಗಳಾಗುತ್ತಿದ್ದದ್ದು ಧರ್ಮದ ಲೆಕ್ಕದಲ್ಲಿ. ಹಿಂದೂ ತಂಡಕ್ಕೆ ಅವನ ಎಡಗೈ ಬೇಕಿತ್ತು, ಆದರೆ ಚಹಾ ಮಾತ್ರ ಪೆವಿಲಿಯನ್ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಬರುತ್ತಿತ್ತು. 1906ರ ಫೆಬ್ರುವರಿಯಲ್ಲಿ ಬೊಂಬಾಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಸೋಲಿಸಿತು, ಬಾಲೂ ಆ ತಂಡದಲ್ಲಿದ್ದ. ಮುಂದಿನ ತಿಂಗಳು ಪೀಟರ್ಸ್ ಎಡಿನ್‌ಬರೊದಲ್ಲಿ ಆಡಿದ. ಇಬ್ಬರಿಗೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿದ್ದಿರಲಾರದು. 1911ರಲ್ಲಿ ಇಂಗ್ಲೆಂಡ್ ಪ್ರವಾಸ ಮಾಡಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತ ಬಾಲೂಗೆ ಹಿಂದೂ ತಂಡದ ನಾಯಕತ್ವ ಸಿಗಲೇ ಇಲ್ಲ, 1923ರಲ್ಲಿ ಅದು ಸಿಕ್ಕಿದ್ದು ಅವನ ತಮ್ಮ ವಿಠ್ಠಲನಿಗೆ. ಪೀಟರ್ಸ್‌ನ ಕಥೆ ದೂರದ ಬಣ್ಣದ ಕಥೆ ಎಂದು ಕೈ ತೊಳೆದುಕೊಳ್ಳುವವರು ಆ ಮಣ್ಣಿನ ಕುಡಿಕೆಯನ್ನು ಒಮ್ಮೆ ನೆನೆಸಿಕೊಳ್ಳಬೇಕು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಪೀಟರ್ಸ್‌ನ ಐದನೆಯ ಮತ್ತು ಕೊನೆಯ ಅಂತರರಾಷ್ಟ್ರೀಯ ಪಂದ್ಯ 1908ರ ಜನವರಿಯಲ್ಲಿ ವೇಲ್ಸ್ ವಿರುದ್ಧ. ನಡೆದದ್ದು ಬ್ರಿಸ್ಟಲ್‌ನಲ್ಲಿ, ಹಿಂದೆ ಅವನಿಗಾಗಿ ರಾಜೀನಾಮೆ ಬಿದ್ದ ಅದೇ ಊರಿನಲ್ಲಿ. ಆ ದಿನ ಎಂಥ ಮಂಜು ಕವಿದಿತ್ತೆಂದರೆ ಪ್ರೇಕ್ಷಕರಿಗೆ ಆಟಗಾರರೇ ಕಾಣುತ್ತಿರಲಿಲ್ಲ. 18-28ರಿಂದ ಇಂಗ್ಲೆಂಡ್ ಸೋತಿತು. ಮತ್ತೆ ಅವನನ್ನು ಕರೆಯಲಿಲ್ಲ.

1910ರಲ್ಲಿ ಹಡಗುಕಟ್ಟೆಯ ಅಪಘಾತದಲ್ಲಿ ಅವನ ಮೂರು ಬೆರಳು ಹೋದವು. ಬಡಗಿಗೂ ಬೆರಳು ಬೇಕು, ಚೆಂಡು ಹಿಡಿಯುವವನಿಗೂ ಬೇಕು. ಆದರೂ ಅವನು ಆಟ ಬಿಡಲಿಲ್ಲ. ಬಿಡಿಸಿದ್ದು ಬೇರೆ ಸಂಗತಿ. ಆಗ ರಗ್ಬಿ ಯೂನಿಯನ್ನಿನಲ್ಲಿ ಆಟಕ್ಕೆ ಒಂದು ಪೈಸೆ ಮುಟ್ಟಿದರೂ ಅಪರಾಧ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಓದಿ ಬಂದವರಿಗೆ ಅದು ಸುಲಭದ ನಿಯಮ. ಗಣಿ, ಗಿರಣಿ, ಹಡಗುಕಟ್ಟೆಯವರು ಆಟಕ್ಕಾಗಿ ಕಳೆದುಕೊಂಡ ಕೂಲಿಯನ್ನು ಯಾರು ತುಂಬಿಕೊಡಬೇಕು? ಈ ಪ್ರಶ್ನೆಯ ಮೇಲೆಯೇ 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಸಿಡಿದು ಬೇರೆಯಾಗಿದ್ದವು. ಇಂದಿನ ರಗ್ಬಿ ಲೀಗ್ ಬೆಳೆದದ್ದು ಆ ಕವಲಿನಿಂದ. 1912ರಲ್ಲಿ ಡೆವನ್‌ನಲ್ಲಿ ಹಣ ಕೈ ಬದಲಿಸಿದೆ ಎಂಬ ಆರೋಪದ ಮೇಲೆ ರಗ್ಬಿ ಯೂನಿಯನ್ನಿನ ಆಡಳಿತ ಹಲವರನ್ನು ಅಮಾನತು ಮಾಡಿತು. ಅವರಲ್ಲಿ ಪೀಟರ್ಸ್ ಒಬ್ಬ. ಗಮನಿಸಿ, ಅದಕ್ಕೆ ಮಾತ್ರ ಕಾರಣ ಬರೆದರು! ಬೆರಳಿಲ್ಲದ ಬಡಗಿ ನಾಲ್ಕು ಕಾಸು ಮುಟ್ಟಿದ್ದಕ್ಕೆ ದಾಖಲೆಯುಂಟು, ದೇಶದ ತಂಡದಿಂದ ಅವನನ್ನು ಕೈಬಿಟ್ಟದ್ದಕ್ಕೆ ಇಲ್ಲ.

ಅವನು ಉತ್ತರಕ್ಕೆ ಹೋಗಿ ಬ್ಯಾರೊ, ಆಮೇಲೆ ಸೇಂಟ್ ಹೆಲೆನ್ಸ್ ಕ್ಲಬ್ಬುಗಳಿಗೆ ಆಡಿದ. ಆಗ ಅವನಿಗೆ ಮೂವತ್ತನಾಲ್ಕು ಕಳೆದಿತ್ತು. ಕೊನೆಗೆ ಪ್ಲಿಮತ್‌ಗೆ ಮರಳಿ, 1954ರಲ್ಲಿ ತೀರಿಕೊಂಡ. ಇಂಗ್ಲೆಂಡ್ ರಗ್ಬಿ ತಂಡದಲ್ಲಿ ಮತ್ತೊಬ್ಬ ಕಪ್ಪು ಆಟಗಾರ ಕಾಣಿಸಿಕೊಂಡದ್ದು 1988ರಲ್ಲಿ, ಕ್ರಿಸ್ ಓಟಿ. ನಡುವೆ ಎಂಬತ್ತು ವರ್ಷ. ಎಂಬತ್ತು ವರ್ಷ ಯಾರೂ ಕರಿಯರನ್ನು ಸೇರಿಸಬೇಡಿ ಎಂದು ಸುತ್ತೋಲೆ ಹೊರಡಿಸಿರಲಿಲ್ಲ. ಪ್ರತಿ ವರ್ಷವೂ ಈ ಸಲ ಆಗಲಿಲ್ಲ, ಅಷ್ಟೆ.

ನ್ಯೂಜಿಲೆಂಡಿನವರು 1928, 1949 ಮತ್ತು 1960ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗುವಾಗ ತಮ್ಮ ನೆಲದ ಮೂಲನಿವಾಸಿಗಳಾದ ಮಾವೊರಿ ಆಟಗಾರರನ್ನು ಮನೆಯಲ್ಲಿ ಬಿಟ್ಟು ಹೋದರು. ಮೂರನೆಯ ಸಲ ಜನ ಬೀದಿಗಿಳಿದರು. 1968ರಲ್ಲಿ ಓವಲ್‌ನಲ್ಲಿ 158 ರನ್ ಹೊಡೆದ, ದಕ್ಷಿಣ ಆಫ್ರಿಕಾದಲ್ಲೇ ಹುಟ್ಟಿದ ಬಿಳಿಯನಲ್ಲದ ಬೇಸಿಲ್ ಡಿ'ಒಲಿವೆರಾನನ್ನು ಇಂಗ್ಲೆಂಡಿನ ಕ್ರಿಕೆಟ್ ಆಯ್ಕೆಗಾರರು ದಕ್ಷಿಣ ಆಫ್ರಿಕಾ ಪ್ರವಾಸದಿಂದ ಮೊದಲು ಕೈಬಿಟ್ಟಾಗ, ಅದು ಆಟದ ತೀರ್ಮಾನ ಮಾತ್ರ ಎಂದರು. ಯಾರೂ ನಂಬಲಿಲ್ಲ. ಅವರು ನಿಜ ಹೇಳಿದ್ದರೂ ನಂಬುತ್ತಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ಕಾರಣ ಹೇಳುವ ಅಭ್ಯಾಸವೇ ಇಲ್ಲದವರು ಒಂದು ದಿನ ನಿಜವಾದ ಕಾರಣವನ್ನೇ ಹೇಳಿದರೂ ಅದು ನೆಪದಂತೆ ಕೇಳಿಸುತ್ತದೆ. ನಿಮ್ಮಲ್ಲಿ ಪ್ರಾಮಾಣಿಕರಾಗಿರುವವರಿಗೆ, ಅಂಥವರು ಬಹಳ ಜನ ಇದ್ದೀರಿ, ಇದರಿಂದಲೇ ಹೆಚ್ಚು ನಷ್ಟ.

ನನ್ನ ಬೇಡಿಕೆ ದೊಡ್ಡದಲ್ಲ. ಹೊಸ ಕಾನೂನು ಬೇಡ, ಹೊಸ ಸಮಿತಿಯಂತೂ ಬೇಡವೇ ಬೇಡ. ಆಯ್ಕೆ ಪಂದ್ಯಗಳಲ್ಲಿ ನಾವು ಬಳಸುವ ಹಾಳೆ ನಿಮಗೆ ಗೊತ್ತಿದೆ. ಕ್ರಮ ಸಂಖ್ಯೆ, ಹೆಸರು, ಶಾಲೆ, ಹುಟ್ಟಿದ ದಿನಾಂಕ, ಅಂಕ, ಕೊನೆಯಲ್ಲಿ ಒಂದು ಅಗಲವಾದ ಕಾಲಂ. ಅದರ ತಲೆಯ ಮೇಲೆ 'ಷರಾ' ಎಂದು ಬರೆದಿರುತ್ತದೆ. ನನ್ನ ಇಡೀ ಸೇವೆಯಲ್ಲಿ ಆ ಕಾಲಂ ತುಂಬಿದ್ದನ್ನು ನಾನು ನೋಡಿಲ್ಲ. ಗೆರೆ ಎಳೆದಾಗ ಹೇಗಿತ್ತೋ ಹಾಗೆಯೇ ಬೆಳ್ಳಗೆ ಕಪಾಟು ಸೇರುತ್ತದೆ. ಕೈಬಿಟ್ಟ ಪ್ರತಿ ಮಗುವಿನ ಹೆಸರಿನ ಮುಂದೆ ಅಲ್ಲಿ ಒಂದು ಸಾಲು ಬರೆಯಿರಿ. 'ಓಟ ಚೆನ್ನಾಗಿದೆ, ತಿರುವಿನಲ್ಲಿ ನಿಧಾನ.' 'ಮೊಣಕಾಲು ನೋವು, ಮುಂದಿನ ವರ್ಷ ನೋಡಬೇಕು.' 'ಇದೇ ಸ್ಥಾನಕ್ಕೆ ಇನ್ನೊಬ್ಬನಿಗೆ ಎರಡು ಅಂಕ ಹೆಚ್ಚು.' ಸಾಕು. ಆ ಹಾಳೆಯನ್ನು ಪಟ್ಟಿಯ ಪಕ್ಕದಲ್ಲಿಯೇ ಅಂಟಿಸಿ. ಸಮಯವಿಲ್ಲ ಎನ್ನಬೇಡಿ, ನಾವು ಊಟಕ್ಕೆ ತೆಗೆದುಕೊಳ್ಳುತ್ತಿದ್ದ ಸಮಯ ನನಗೆ ಗೊತ್ತು.

ಒಂದು ಸಾಲಿನಿಂದ ಏನಾದೀತು ಎನ್ನುವವರಿಗಾಗಿ ಇದನ್ನೂ ಬರೆಯುತ್ತೇನೆ, ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದ್ದೇನೆ. ನಾನು ಸಮಿತಿಯಲ್ಲಿದ್ದ ಎರಡನೆಯ ಸಲ, ಉದ್ದ ಜಿಗಿತಕ್ಕೆ ಇಬ್ಬರು ಹುಡುಗಿಯರಿದ್ದರು. ಒಬ್ಬಳು ಒಂದು ಗೇಣು ಮುಂದೆ ಬಿದ್ದಿದ್ದಳು. ಟೇಪಿನ ತುದಿ ಹಿಡಿದು ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತಿದ್ದವನು ನಾನೇ, ಅವಳ ಹಿಮ್ಮಡಿಯ ಗುಳಿ ಈಗಲೂ ಕಣ್ಣ ಮುಂದಿದೆ. ಇನ್ನೊಬ್ಬಳ ಕಡೆಯವರು ಹಿಂದಿನ ದಿನ ಸಂಜೆ ಮನೆಗೆ ಬಂದು ಕೂತು ಹೋಗಿದ್ದರು. ಲಂಚವೇನೂ ಇಲ್ಲ, ಬೇಕಾದವರು, ಅಷ್ಟೆ. ಮೊದಲನೆಯ ಹುಡುಗಿ ಅಪ್ಪನಿಲ್ಲದವಳು, ಅವಳ ಪರವಾಗಿ ಮಾತನಾಡಲು ಯಾರೂ ಬಂದಿರಲಿಲ್ಲ.

ಹಾಳೆಯಲ್ಲಿ ಅವಳ ಹೆಸರಿನ ಮುಂದೆ ನಾನು ಏನಾದರೂ ಬರೆಯಲೇಬೇಕಾಗಿದ್ದರೆ ಏನು ಬರೆಯುತ್ತಿದ್ದೆ? ಎಷ್ಟು ಯೋಚಿಸಿದರೂ ಒಂದು ವಾಕ್ಯ ಸಿಗುವುದಿಲ್ಲ. ಸಿಗದೆ ಇದ್ದಿದ್ದರೆ ಅವಳ ಹೆಸರನ್ನೇ ಸೇರಿಸುತ್ತಿದ್ದೆ. ಆದರೆ ಆ ದಿನ ಯಾರೂ ಬರೆಯಿರಿ ಎನ್ನಲಿಲ್ಲ. ಷರಾ ಕಾಲಮ್ಮಿನಲ್ಲಿ ಒಂದು ಸಣ್ಣ ಅಡ್ಡಗೆರೆ ಎಳೆದು, ಹಾಳೆಯನ್ನು ಪಕ್ಕದವರ ಸಹಿಗೆ ಸರಿಸಿದೆ.

ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಕ
ಧಾರವಾಡ